ಖುದ್ದು ಹಾಜರಿದ್ದರು

ಹಡರ್ಸ್‌ಫೀಲ್ಡ್ ಇನ್ನೂ ಎರಡು ಮೈಲಿ ಇದೆ ಅನ್ನುವಾಗ ರೈಲು ನಿಂತುಬಿಟ್ಟಿತು. ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬೋಗಿಯ ಮಂದಿಯೆಲ್ಲ ಒಂದು ಸಲ ಕಿಟಕಿಯಾಚೆ ನೋಡಿ, ಪಾಚಿಗಟ್ಟಿದ ಒದ್ದೆ ಗೋಡೆ ಬಿಟ್ಟು ಬೇರೇನೂ ಕಾಣದೆ, ಮತ್ತೆ ಫೋನಿಗೆ ಮುಖ ಹಾಕಿದರು. ಅಚ್ಯುತನಿಗೆ ಮಾತ್ರ ಹಾಯೆನಿಸಿತು. ಹತ್ತೂವರೆಗೆ ಲೀಡ್ಸಿನ ಆಫೀಸಿನಲ್ಲಿ, ವಿಡಿಯೋ ಮೂಲಕ, ಡಬ್ಲಿನ್ನಿನ ತನಿಖಾಧಿಕಾರಿಯೊಬ್ಬಳು ಅವನನ್ನು ವಿಚಾರಿಸುವವಳಿದ್ದಳು. ಜನವರಿ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ತಾವು ಎಲ್ಲಿದ್ದಿರಿ ಎಂಬುದು ಅವಳ ಪ್ರಶ್ನೆ. ಅಷ್ಟೇ. ಐವತ್ತೆರಡು ವಯಸ್ಸಿನ, ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಸ್ವಂತ ಮನೆಯಿರುವ, ಕೌನ್ಸಿಲ್ಲಿನ ಮನೆಗಂದಾಯವನ್ನು ಒಂದು ದಿನವೂ ತಡಮಾಡದ ಮನುಷ್ಯನೊಬ್ಬ ತಾನು ಎಲ್ಲಿದ್ದೆ ಎಂಬ ಪ್ರಶ್ನೆಗೆ ಉತ್ತರ ತಯಾರು ಮಾಡಿಕೊಳ್ಳುತ್ತ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ರೈಲು ಇಲ್ಲೇ ಬೇರುಬಿಟ್ಟರೆ ಎಷ್ಟು ಚೆನ್ನ ಎಂದುಕೊಂಡ. ಆಗ ತಾನು ತಪ್ಪಿತಸ್ಥನೂ ಅಲ್ಲ, ನಿರಪರಾಧಿಯೂ ಅಲ್ಲ, ಬರೀ ಪ್ಯಾಸೆಂಜರು.

ಎದುರು ಸೀಟಿನ ಹೆಂಗಸಿನ ಕಾಲಬಳಿ ಒಂದು ಮುದಿ ನಾಯಿ ಮಲಗಿತ್ತು. ಮೂತಿ ನರೆತಿದೆ, ಹನ್ನೊಂದಿರಬೇಕು, ಎಡ ಸೊಂಟದ ಕೀಲು ಹೋಗಿದೆ, ಬಲದ್ದು ಇನ್ನೊಂದು ವರ್ಷ ಎಂದು ಅವನ ತಲೆ ತನ್ನಷ್ಟಕ್ಕೆ ತಾನೇ ಹೇಳಿತು. ನಾಯಿ ಬೆಕ್ಕುಗಳ ವಿಮೆ ಮಾರುವ ಕಂಪನಿಯಲ್ಲಿ ಹದಿನೆಂಟು ವರ್ಷ ಕೂತವನಿಗೆ ಯಾವ ಪ್ರಾಣಿಯೂ ಬರೀ ಪ್ರಾಣಿಯಾಗಿ ಕಾಣುವುದಿಲ್ಲ. ಹಾರ್ಗ್ರೀವ್ ಅಂಡ್ ಬ್ರಿಂಡಲ್ ಎಂಬ ಆ ಕಂಪನಿಯಲ್ಲಿ ಅವನದು ಕಾನೂನು ಕಟ್ಟಳೆ ನೋಡಿಕೊಳ್ಳುವ ಕೆಲಸ. ಇದನ್ನು ಮೈಸೂರಿನ ಅತ್ತೆ ಸೀತಾಲಕ್ಷ್ಮಿಯವರಿಗೆ ವಿವರಿಸಲು ಮೂರು ಸಲ ಪ್ರಯತ್ನಪಟ್ಟು ಸೋತಿದ್ದ. ಅವರು ಬೀದಿಯವರಿಗೆಲ್ಲ "ನಮ್ಮ ಅಳಿಯಂದ್ರು ನಾಯಿ ಆಸ್ಪತ್ರೇಲಿದಾರೆ" ಎಂದು ಹೇಳಿ ಮುಗಿಸಿದ್ದರು. ಮಗಳು ಚಂದ್ರಿಕಾ ಮನುಷ್ಯರ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ದೊಡ್ಡ ಡಾಕ್ಟರಾದ್ದರಿಂದ ಗಂಡ ಹೆಂಡಿರಿಬ್ಬರ ಕೆಲಸವೂ ಅವರಿಗೆ ಒಂದೇ ತಕ್ಕಡಿಯಲ್ಲಿ ತೂಗಲು ಸುಲಭವಾಗಿತ್ತು. ಅಳಿಯನ ತಟ್ಟೆ ಮೇಲೇ ಇರುತ್ತಿತ್ತು. ಹೇಗೆ ಹೇಳುವುದು ಅವರಿಗೆ, ಆಗ ಲೀಡ್ಸಿನ ಒಂದೇ ಒಂದು ಲೈಸೆನ್ಸು ಹಿಡಿದುಕೊಂಡು ಲಿಸ್ಬನ್ನಿನ ಬೆಕ್ಕಿಗೂ ವಿಯೆನ್ನಾದ ನಾಯಿಗೂ ಪಾಲಿಸಿ ಮಾರಬಹುದಿತ್ತು ಎಂದು. ಒಂದು ದೇಶ ಒಪ್ಪಿದ ಬ್ಯಾಂಕನ್ನೋ ವಿಮೆ ಕಂಪನಿಯನ್ನೋ ಯುರೋಪಿನ ಉಳಿದ ದೇಶಗಳೂ ಒಪ್ಪಿಕೊಳ್ಳಬೇಕೆಂಬ ಆ ಏರ್ಪಾಡಿಗೆ ಪಾಸ್‌ಪೋರ್ಟ್ ಎಂದೇ ಹೆಸರು. ಇಡೀ ಖಂಡ ಒಂದೇ ಅಂಗಡಿಬೀದಿ. ಆ ಬೀದಿಯ ಕಸ ಗುಡಿಸುವ ಕೆಲಸಕ್ಕೆ ಅಚ್ಯುತ ವರ್ಷಕ್ಕೆ ನಾಲ್ಕು ಸಲ ಬ್ರಸೆಲ್ಸಿಗೆ ಹೋಗುತ್ತಿದ್ದ. ನಾಯಿಗೆ ಮುಪ್ಪು ಯಾವ ವರ್ಷದಿಂದ ಶುರು ಎಂಬ ಬಗ್ಗೆ ಅಲ್ಲಿ ಎರಡು ದಿನ ಚರ್ಚೆ ನಡೆದದ್ದುಂಟು. ಜರ್ಮನ್ನರು ತಳಿಗೊಂದು ಪಟ್ಟಿ ತಂದಿದ್ದರು. ಇಟಲಿಯವನೊಬ್ಬ ನಾಯಿಗೆ ಮುಪ್ಪೆಂಬುದೇ ಇಲ್ಲ, ಯಜಮಾನನಿಗೆ ಮಾತ್ರ ಎಂದು ಹೇಳಿ ಊಟಕ್ಕೆದ್ದು ಹೋಗಿದ್ದ. ನಗಬೇಕಾದ ಸಂಗತಿಯೇ. ಆದರೆ ಹದಿಮೂರು ಭಾಷೆಯಲ್ಲಿ ಒಂದೇ ಅರ್ಥ ಕೊಡುವ ಒಂದು ವಾಕ್ಯ ಕೊನೆಗೂ ಸಿದ್ಧವಾದ ಸಂಜೆ ಅವನು ಹೋಟೆಲಿನ ಬಾತ್‌ರೂಮಿನಲ್ಲಿ ಕಣ್ಣೊರೆಸಿಕೊಂಡಿದ್ದ. ಅದನ್ನು ಅವನು ಯಾರಿಗೂ ಹೇಳಿಲ್ಲ. ವೀಸಾದ ರಗಳೆ ತಪ್ಪಲಿ ಎಂದು ಭಾರತದ ಪಾಸ್‌ಪೋರ್ಟು ಒಪ್ಪಿಸಿ ಬ್ರಿಟನ್ನಿನದು ತೆಗೆದುಕೊಂಡ ಮರುವರ್ಷವೇ ಈ ದೇಶ ಯುರೋಪೇ ಬೇಡವೆಂದು ಓಟು ಹಾಕಿತು. "ನೀನು ಟಿಕೆಟ್ ತಗೊಂಡ್ಮೇಲೇ ಸಿನಿಮಾ ನಿಲ್ಲಿಸ್ತಾರೆ ಅಚ್ಚು" ಎಂದಿದ್ದಳು ಚಂದ್ರಿಕಾ.

ರೈಲು ಒಮ್ಮೆ ಕೆಮ್ಮಿ ಮತ್ತೆ ಸುಮ್ಮನಾಯಿತು. ನಾಯಿ ಕಣ್ಣು ತೆರೆದು ಅವನನ್ನೇ ನೋಡಿತು. ಅವನು ಕಿಟಕಿಯ ಕಡೆ ತಿರುಗಿದ.

ಲೀಡ್ಸಿನ ಲೈಸೆನ್ಸು ಸಮುದ್ರ ದಾಟದಂತಾದ ಮೇಲೆ ಕಂಪನಿ ಡಬ್ಲಿನ್ನಿನಲ್ಲಿ ಒಂದು ಮರಿ ಕಂಪನಿ ಹುಟ್ಟಿಸಿತು. ಬರೀ ಬೋರ್ಡು ನೇತುಹಾಕಿದರೆ ಸಾಲದು, ಕಂಪನಿಯ ಮನಸ್ಸು ಮತ್ತು ಆಡಳಿತ ಎರಡೂ ಐರ್ಲೆಂಡಿನಲ್ಲೇ ಇರತಕ್ಕದ್ದು ಎಂದಿದ್ದರು ವಕೀಲರು. ಮನಸ್ಸು ಎಂದೇ ಬರೆದಿತ್ತು. ಅಚ್ಯುತ ಎರಡು ಸಲ ಓದಿ ನೋಡಿದ್ದ. ಅದಕ್ಕಾಗಿ ಮೂವರು ನಿರ್ದೇಶಕರು: ಒಬ್ಬರು ಅಲ್ಲಿನ ನಿವೃತ್ತ ಬ್ಯಾಂಕರು, ಇನ್ನೊಬ್ಬರು ಅಲ್ಲಿನ ಕುದುರೆ ಡಾಕ್ಟರು, ಮೂರನೆಯವನು ಅಚ್ಯುತ. ಎರಡು ತಿಂಗಳಿಗೊಂದು ಮಂಗಳವಾರ ಅವನು ಮ್ಯಾಂಚೆಸ್ಟರಿನಿಂದ ಹಾರಿ ಹೋಗಿ ಡಬ್ಲಿನ್ನಿನ ಬಾಡಿಗೆ ಕೋಣೆಯಲ್ಲಿ ಕಂಪನಿಯ ಮನಸ್ಸಾಗಿ ಎರಡು ಗಂಟೆ ಕೂತು, ಸಾಲ್ಮನ್ ಮೀನು ತಿಂದು, ಸಂಜೆ ವಾಪಸು ಬರಬೇಕು. ಸೋಮವಾರ ಲೀಡ್ಸಿನಲ್ಲಿ ದೊಡ್ಡ ಸಾಹೇಬ ಗ್ರಹಾಂ ತೀರ್ಮಾನಿಸಿದ್ದನ್ನು ಮಂಗಳವಾರ ಅಲ್ಲಿ ಯೋಚಿಸಬೇಕು. ನಾಲ್ಕು ವರ್ಷ ತಪ್ಪದೆ ಯೋಚಿಸಿದ್ದ. ಈ ಜನವರಿಯಲ್ಲಿ ಮಾತ್ರ ಏನಾಯಿತೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ವಿಮಾನ ತಪ್ಪಿರಲಿಲ್ಲ, ಜ್ವರ ಇರಲಿಲ್ಲ, ಮಂಜೂ ಇರಲಿಲ್ಲ. ಗೇಟಿನ ಮುಂದಿನ ಕುರ್ಚಿಯಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಜನ ಎದ್ದು ಸಾಲು ನಿಂತರು, ಸಾಲು ಕರಗಿತು. ಮೈಕಿನಲ್ಲಿ ಮಿಸ್ಟರ್ ಅಟ್ಚೂಟಾ ಎಂದು ಕರೆದರು. ಇನ್ನೊಮ್ಮೆ ಕರೆದರು. ಯಾರೋ ಪಾಪದವನನ್ನು ಕರೆಯುತ್ತಿದ್ದಾರೆ, ಬೇಗ ಹೋಗಬಾರದೇ ಅವನು ಎಂದು ಅವನಿಗೂ ಕನಿಕರವಾಯಿತು. ಮೂರನೇ ಸಲ ಕರೆದು ಬಾಗಿಲು ಹಾಕಿಕೊಂಡಾಗ ಎದೆಯಿಂದ ಏನೋ ಇಳಿದು ಹೋದಂತೆ, ಶಾಲೆಗೆ ದಿಢೀರ್ ರಜೆ ಸಿಕ್ಕಂತೆ, ಮೈ ಹಗುರವಾಗಿ ಕಾಫಿ ತಂದುಕೊಂಡು ಕುಡಿದ. ಹನ್ನೊಂದಕ್ಕೆ ಅದೇ ಕುರ್ಚಿಯಿಂದ ಫೋನಿನಲ್ಲಿ ಸಭೆ ಸೇರಿಕೊಂಡ. ವಿಮಾನಗಳ ಸದ್ದು ಕೇಳದಿರಲೆಂದು ತನ್ನ ಕಡೆಯ ದನಿ ಬಂದ್ ಮಾಡಿಕೊಂಡ. ನಾಲ್ಕನೇ ವಿಷಯ: ಹತ್ತು ತುಂಬಿದ ಪ್ರಾಣಿಗಳ ಪಾಲಿಸಿಯನ್ನು ಇನ್ನು ಮುಂದೆ ನವೀಕರಿಸದಿರುವುದು, ಯುರೋಪಿನ ಐದು ದೇಶಗಳಲ್ಲಿ. ಯಾರದಾದರೂ ಆಕ್ಷೇಪವಿದೆಯೇ ಎಂದು ಕುದುರೆ ಡಾಕ್ಟರು ಕೇಳಿದಾಗ ಅಚ್ಯುತ ಇಲ್ಲವೆಂದು ತಲೆಯಾಡಿಸಿದ. ಫೋನಿನಲ್ಲಿ ತಲೆಯಾಡಿಸಿದ್ದು ಯಾರಿಗೂ ಕಾಣುವುದಿಲ್ಲ ಎಂದು ಹೊಳೆಯುವ ಹೊತ್ತಿಗೆ ವಿಷಯ ಪಾಸಾಗಿತ್ತು.

ಸಭೆಯ ಮಿನಿಟ್ಸ್, ಅಂದರೆ ನಡಾವಳಿ, ಬರೆಯುತ್ತಿದ್ದವಳು ಪೂಜಿತಾ. ಹಾವೇರಿ ಕಡೆಯ ಹುಡುಗಿ. ಲೀಡ್ಸಿನಲ್ಲೇ ಎಂಎಸ್ಸಿ ಮುಗಿಸಿ, ಕಂಪನಿ ಕೊಟ್ಟ ವೀಸಾದ ಮೇಲೆ ಎರಡು ವರ್ಷದಿಂದ ಕೆಲಸದಲ್ಲಿದ್ದಳು. ಭಾರತದ ಪಾಸ್‌ಪೋರ್ಟಾದ್ದರಿಂದ ಡಬ್ಲಿನ್ನಿಗೆ ಹೋಗುವುದು ಅವಳಿಗೆ ರಗಳೆ. ಲೀಡ್ಸಿನಿಂದಲೇ ಕೇಳಿಸಿಕೊಂಡು ಬರೆಯುತ್ತಿದ್ದಳು. ಆಫೀಸಿನವರಿಗೆಲ್ಲ ಅವನು ಆಚ್. ಕರೆದಾಗಲೆಲ್ಲ ಆಚೆ ಹೋಗು ಅಂದ ಹಾಗೆ ಕೇಳುತ್ತಿತ್ತು. ಅವಳೊಬ್ಬಳೇ ಸರ್ ಅನ್ನುವವಳು. ಅವತ್ತು ಮಧ್ಯಾಹ್ನ ಅವಳಿಗೆ ಫೋನ್ ಮಾಡಿ, "ನಾನು ಖುದ್ದು ಹಾಜರಿದ್ದೆ ಅಂತಲೇ ಹಾಕಿಬಿಡಮ್ಮ, ಯಾವಾಗ್ಲೂ ಹಾಕೋ ಹಾಗೆ" ಅಂದಿದ್ದ. ಅವಳು "ಸರಿ ಸರ್" ಅಂದಿದ್ದಳು. ಡಬ್ಲಿನ್ನಿನಲ್ಲಿದ್ದ ಇಬ್ಬರು ಹಿರಿಯರು ತಮ್ಮ ಪಕ್ಕದ ಕುರ್ಚಿ ಖಾಲಿಯಿದ್ದದ್ದನ್ನು ಮರೆತು ಸಹಿ ಹಾಕಿದ್ದರು. ಅಚ್ಯುತ ಓದದೆಯೇ ಹಾಕಿದ್ದ. ಮನೆಗೆ ಹೋಗುವಾಗ, ಡಬ್ಲಿನ್ನಿನಿಂದ ಪ್ರತಿ ಸಲ ತರುವ ಐರಿಶ್ ಬೆಣ್ಣೆಯನ್ನು ಡಿಡ್ಸ್‌ಬರಿಯ ಅಂಗಡಿಯಲ್ಲಿ ಕೊಂಡುಕೊಂಡ. ಮರುದಿನ ಚಂದ್ರಿಕಾ ರೊಟ್ಟಿಗೆ ಬೆಣ್ಣೆ ಸವರುತ್ತ, ಪೌಂಡಿನಲ್ಲಿ ಬೆಲೆ ಬರೆದಿದ್ದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಮಡಿಚಿ, ಕಸಕ್ಕೆ ಹಾಕಿದಳು. ಏನೂ ಕೇಳಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಕೊಟ್ಟ ಅತಿ ದೊಡ್ಡ ಏಟು ಅದು. ಕೇಳಿದ್ದರೆ ಹೇಳಿಬಿಡಬಹುದಿತ್ತು.

ರೈಲು ಲೀಡ್ಸಿಗೆ ನಲವತ್ತು ನಿಮಿಷ ತಡವಾಗಿ ಬಂತು, ಆದರೂ ಅವನಿಗೆ ಬೇಕಾದಷ್ಟು ತಡವಾಗಲಿಲ್ಲ. ಕಾಲುವೆ ಪಕ್ಕದ ಆಫೀಸಿನ ಬಾಗಿಲಲ್ಲೇ ಗ್ರಹಾಂ ಕಾದಿದ್ದ. ಸೈಕಲ್ಲಿನಲ್ಲಿ ಬರುವ, ಬಿಗಿಯಾದ ಚಡ್ಡಿಯಲ್ಲೇ ಒಂಬತ್ತರ ಮೀಟಿಂಗು ಮುಗಿಸುವ, ಯಾರ ಮೇಲೂ ದನಿಯೇರಿಸದ ಮನುಷ್ಯ. ಅವನ ಮೆದು ದನಿಯೇ ಭಯ ಹುಟ್ಟಿಸುವಂಥದ್ದು. ಅಚ್ಯುತನ ಭುಜದ ಮೇಲೆ ಕೈಯಿಟ್ಟು, ಮೀನಿನ ತೊಟ್ಟಿ ಇದ್ದ ಮೂಲೆಗೆ ಕರೆದುಕೊಂಡು ಹೋದ.

"ಆಚ್, ಅವರ ಹತ್ತಿರ ನಿನ್ನ ಟಿಕೆಟ್ಟಿದೆ, ಆದರೆ ನೀನು ಹತ್ತಿದ ದಾಖಲೆಯಿಲ್ಲ. ಹಾಗಾಗಿ ನೀನು ಅಲ್ಲಿದ್ದೆ ಅನ್ನೋದು ಬೇಡ. ಫೋನಿನಲ್ಲಿದ್ದೆ ಅನ್ನು. ಅದು ನಿಜ ಕೂಡ."

"ಮಿನಿಟ್ಸಿನಲ್ಲಿ ಖುದ್ದು ಅಂತ ಇದೆಯಲ್ಲ?"

"ಪೂಜಿತಾ ಹಳೇ ಮಿನಿಟ್ಸಿನ ಮೇಲೇ ಹೊಸದನ್ನ ಟೈಪ್ ಮಾಡ್ತಾಳೆ. ಹಳೇ ಸಾಲು ಉಳ್ಕೊಂಡಿದೆ. ಟೈಪಿಂಗ್ ತಪ್ಪು. ಯಾರೂ ಸಾಯಲ್ಲ." ಗ್ರಹಾಂ ಮೀನುಗಳನ್ನು ನೋಡುತ್ತ ಹೇಳಿದ. "ಆಮೇಲೆ ನಾವೊಂದು ಕ್ರಮ ತಗೊಂಡ್ವಿ ಅಂತ ತೋರಿಸಬೇಕಾಗುತ್ತೆ. ಅವಳನ್ನ ಚೆನ್ನಾಗಿ ನೋಡ್ಕೊಂಡೇ ಕಳಿಸ್ತೀವಿ."

ಕಳಿಸುವುದು ಅಂದರೇನೆಂದು ಅಚ್ಯುತನಿಗೆ ಗೊತ್ತಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ. ಅರವತ್ತು ದಿನದಲ್ಲಿ ಬೇರೆ ಕಂಪನಿ ಸಿಗಬೇಕು, ಇಲ್ಲವೇ ಗಂಟುಮೂಟೆ. ಹಾಗಾಗಬಾರದು ಎಂದು ಬಾಯಿಬಿಟ್ಟು ಹೇಳಬೇಕೆಂದುಕೊಂಡ. ಹೇಳಿದ್ದು, "ನೋಡೋಣ" ಎಂದು. ತನ್ನ ನಾಲಿಗೆಯ ಈ ಚುರುಕನ್ನು ಅವನು ಮೊದಲಿನಿಂದಲೂ ಬಲ್ಲ. ತಪ್ಪಿಸಿಕೊಳ್ಳುವ ಮಾತು ಅದಕ್ಕೆ ತಟ್ಟನೆ ಸಿಗುತ್ತಿತ್ತು, ಎದುರಿಸುವ ಮಾತು ಮನೆಗೆ ಹೋಗಿ ಸ್ನಾನ ಮಾಡುವಾಗ. ಮಗಳು ಆಶ್ರಿತಾ ಹತ್ತು ವರ್ಷದವಳಿದ್ದಾಗ ಶಾಲೆಯಲ್ಲಿ ಯಾರೋ ಅವಳ ಊಟದ ಡಬ್ಬಿ ಮೂಸಿ ಮೂಗು ಮುಚ್ಚಿಕೊಂಡರೆಂದು ದೂರು ಕೊಡಲು ಹೋಗಿ, ಹೆಡ್ಮಿಸ್ಸಿನ ಹತ್ತಿರ ಹತ್ತು ನಿಮಿಷ ಹವಾಮಾನ ಮಾತಾಡಿ, ಥ್ಯಾಂಕ್ಸ್ ಹೇಳಿ ಬಂದಿದ್ದ. ಕಾರಿನಲ್ಲಿ ಕೂತಿದ್ದ ಮಗು ಇಂಗ್ಲಿಷಿನಲ್ಲಿ, ಪರವಾಗಿಲ್ಲ ಅಪ್ಪಾ, ಎಂದಿತ್ತು.

ಮೀಟಿಂಗ್ ರೂಮಿನಲ್ಲಿ ಪೂಜಿತಾ ಲ್ಯಾಪ್‌ಟಾಪು ಬಿಚ್ಚಿಕೊಂಡು ಕೂತಿದ್ದಳು. ಈ ವಿಚಾರಣೆಯ ಮಿನಿಟ್ಸನ್ನೂ ಅವಳೇ ಬರೆಯಬೇಕಿತ್ತು. ಅವನಿಗೆ ನೀರಿನ ಲೋಟ ಸರಿಸಿ, ಜನವರಿಯ ಹಾಳೆಗಳನ್ನು ಮುಂದಿಟ್ಟಳು.

"ಸರ್, ನಾಲ್ಕನೇದನ್ನ ಒಂದ್ಸಲ ಓದ್ಕೊಂಬಿಡಿ. ನಿಮ್ಮ ಆಕ್ಷೇಪ ಇದೆ."

"ನನ್ನದಾ?"

ಓದಿದ. ಅಚ್ಯುತ ಅವರು ಈ ಪ್ರಸ್ತಾಪವನ್ನು ಬಲವಾಗಿ ಪ್ರಶ್ನಿಸಿದರು, ಎಂದು ಶುರುವಾಗಿತ್ತು. ಒಂಬತ್ತು ವರ್ಷ ಆರೋಗ್ಯವಾಗಿದ್ದ ಪ್ರಾಣಿಯ ಮೇಲೆ ಕಂತು ಕಟ್ಟಿಸಿಕೊಂಡು, ಅದು ಕಾಯಿಲೆ ಬೀಳುವ ವಯಸ್ಸಿಗೆ ಬಂದಾಗ ಕೈಬಿಡುವುದಾದರೆ ನಾವು ಇಷ್ಟು ದಿನ ಮಾರಿದ್ದು ಏನನ್ನು ಎಂದು ಅವರು ಕೇಳಿದರು. ಇದೇ ನಿಯಮವನ್ನು ಯಾರ್ಕ್‌ಶೈರಿನ ನಾಯಿಗಳಿಗೆ ಹಾಕುವ ಧೈರ್ಯ ನಮಗಿಲ್ಲ. ಪೋರ್ಚುಗಲ್ಲಿನ ಒಂಟಿ ಹೆಂಗಸು ಲೀಡ್ಸಿನವರೆಗೆ ಬಂದು ಕೂಗಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವಳ ಮೇಲೆ ಹಾಕುತ್ತಿದ್ದೇವೆ ಎಂದರು. ಗಿರಾಕಿಯ ದೇಶ ನೋಡಿ ನ್ಯಾಯ ಬದಲಾಗುವುದಾದರೆ ಒಂದೇ ಮಾರುಕಟ್ಟೆಯ ಮಾತು ನಾವು ಆಡಬಾರದು ಎಂದೂ ಹೇಳಿದರು.

ಅಚ್ಯುತನ ಕಿವಿ ಬಿಸಿಯಾಯಿತು. ತಾನು ಇಲ್ಲದ ಕೋಣೆಯಲ್ಲಿ ತಾನು ಇಷ್ಟು ಚೆನ್ನಾಗಿ ಮಾತಾಡಿದ್ದೇನೆ.

"ಇದನ್ನ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಸರ್. ಪ್ರತಿ ಮೀಟಿಂಗಲ್ಲೂ ಒಂದಾದ್ರೂ ಆಕ್ಷೇಪ ಬಂತು ಅಂತ ತೋರಿಸ್ಬೇಕು, ಖಾಲಿ ಬಿಟ್ರೆ ಕಂಪ್ಯೂಟರಿನ ಫಾರ್ಮಲ್ಲಿ ಆ ಜಾಗ ಕೆಂಪಗಾಗುತ್ತೆ. ಅದಕ್ಕೆ ಬರೆದೆ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಯಾರಾದ್ರೂ ಹೇಳ್ತಾರೆ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಗ್ರಹಾಂ ಬಂದು ಪಕ್ಕದ ಕುರ್ಚಿ ಎಳೆದುಕೊಂಡ, ಗೋಡೆಯ ದೊಡ್ಡ ಪರದೆಯಲ್ಲಿ ಐರ್ಲೆಂಡಿನ ವಿಮೆ ನಿಯಂತ್ರಣ ಇಲಾಖೆಯ ತನಿಖಾಧಿಕಾರಿ ಮೂಡಿದಳು. ಮೂವತ್ತೈದರ ಆಸುಪಾಸಿನ ಕೆಂಗೂದಲ ಹೆಂಗಸು. ಅವಳ ಹೆಸರಿನ ಸ್ಪೆಲಿಂಗು ಏನೇ ಇರಲಿ, ಕರೆಯುವುದು ನೀವ್ ಎಂದು. ಹಾಗೆಂದು ಅವಳೇ ಹೇಳಿದಳು. ಮೊದಲ ಸಲವೇ ಬಹುವಚನದಲ್ಲಿ ಕರೆಸಿಕೊಳ್ಳುವ ಇಂಥ ಹೆಸರನ್ನು ತನ್ನ ಅಪ್ಪ ಅಮ್ಮ ತನಗೇಕೆ ಇಡಲಿಲ್ಲ ಎಂದು ಅಚ್ಯುತನಿಗೆ ಅನ್ನಿಸಿತು. ಇಂಥ ಹೊತ್ತಿನಲ್ಲೂ ಅವನ ಮನಸ್ಸು ಇಂಥದ್ದನ್ನೇ ಹೆಕ್ಕುತ್ತಿತ್ತು. ಆಕೆ ಕೂತಿದ್ದದ್ದು ಆಫೀಸಿನಲ್ಲಲ್ಲ, ಮನೆಯ ಅಡುಗೆಕೋಣೆಯಲ್ಲಿ. ಹಿಂದೆ ಬಟ್ಟೆ ಒಣಹಾಕಿತ್ತು. ಒಂದು ಬೆಕ್ಕಿನ ಬಾಲ ಪರದೆಯ ಕೆಳಗಡೆಯಿಂದ ಎದ್ದು ಹಾದುಹೋಯಿತು. ಅವನು ಡಬ್ಲಿನ್ನಿನಲ್ಲಿ ಖುದ್ದು ಇದ್ದನೇ ಎಂದು ಕೇಳಲು ಅವಳು ಡಬ್ಲಿನ್ನಿಗೆ ಹೋಗಬೇಕಾಗಿರಲಿಲ್ಲ.

ನೀವ್ ಬಲು ಮರ್ಯಾದೆಯಿಂದ ಶುರು ಮಾಡಿದಳು. "ತಾರೀಖಿನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಇದನ್ನ ಹೇಳಬೇಕು. ನಾನು ವರ್ಷಕ್ಕೆ ಇನ್ನೂರು ಕಂಪನಿಯ ಮಿನಿಟ್ಸ್ ಓದ್ತೀನಿ. ಎಲ್ಲರೂ ಆಕ್ಷೇಪ ಅಂತ ಬರೆದು, ಅದರ ಕೆಳಗೆ ಕಾಫಿ ತಣ್ಣಗಿತ್ತು ಅನ್ನೋ ಥರದ್ದೇನೋ ಬರೀತಾರೆ. ನಿಮ್ಮ ಈ ನಾಲ್ಕನೇ ಅಂಶ ಓದಿ ನಾನು ನಮ್ಮ ಮೇಲಿನವರಿಗೆ ಕಳಿಸಿದೆ. ಪೋರ್ಚುಗಲ್ಲಿನ ಹೆಂಗಸು ನಿಮಗೆ ಹೇಗೆ ಹೊಳೆದಳು?"

ಗ್ರಹಾಂನ ಕಾಲು ಮೇಜಿನ ಕೆಳಗೆ ಖುಷಿಯಿಂದ ಅಲ್ಲಾಡಿತು. ಅಚ್ಯುತ ಬಾಯಿ ತೆರೆದ. ಟೈಪಿಂಗ್ ತಪ್ಪು ಎಂದು ಹೇಳಿದರೆ ಅವನಿಗೆ ಎರಡೂ ದಕ್ಕುತ್ತಿದ್ದವು: ಫೋನಿನಲ್ಲಿದ್ದು ಇಂಥ ಮಾತಾಡಿದವನೆಂಬ ಹೆಸರೂ, ಕುರ್ಚಿಯೂ. ಅದಕ್ಕಿಂತ ನಾಚಿಕೆಗೇಡು, ಅವನು ಮಾತಾಡತೊಡಗಿಯೇಬಿಟ್ಟ. ಬ್ರಸೆಲ್ಸಿನ ಕತೆ ಹೇಳಿದ, ಹದಿಮೂರು ಭಾಷೆಯ ಒಂದು ವಾಕ್ಯದ ಕತೆ ಹೇಳಿದ, ಒಂದು ಮಾರುಕಟ್ಟೆಯೆಂದರೆ ಬರೀ ಮಾರುವವನಿಗೆ ಗೇಟು ತೆರೆಯುವುದಲ್ಲ, ಕೊಳ್ಳುವವರು ಎಲ್ಲಿದ್ದರೂ ಒಂದೇ ತೂಕ ತೂಗುವುದು ಎಂದ. ತನ್ನ ದನಿ ತನಗೇ ಇಂಪಾಗಿ ಕೇಳಿಸುತ್ತಿತ್ತು. ಲಿಸ್ಬನ್ನಿನ ಆ ಹೆಂಗಸನ್ನು ತಾನು ನೋಡಿದ್ದೇನೆಂದೂ, ಮೆಟ್ಟಿಲು ಹತ್ತಲಾರದ ನಾಯಿಯನ್ನು ಅವಳು ಎತ್ತಿಕೊಂಡು ಹತ್ತುತ್ತಿದ್ದಳೆಂದೂ ಹೇಳಿದಾಗ ಅವನ ಕಣ್ಣೂ ಒದ್ದೆಯಾಯಿತು. ಲಿಸ್ಬನ್ನಿಗೆ ಅವನು ಹೋದವನೇ ಅಲ್ಲ. ಹಿಂದಿನಿಂದ ಬರುತ್ತಿದ್ದ ಕೀಬೋರ್ಡಿನ ಟಕಟಕ ಆಗ ನಿಂತಿತು. ಪೂಜಿತಾ ಬರೆಯುವುದನ್ನು ನಿಲ್ಲಿಸಿದ್ದಳು. ಅವನು ಮಾತಿನ ಮಧ್ಯೆ ತಡೆದ. ಅವಳು ಮತ್ತೆ ಶುರು ಮಾಡಲೆಂದು ಕಾದ. ಶುರು ಮಾಡಲಿಲ್ಲ. ತಿರುಗಿ ನೋಡಬಾರದೆಂದುಕೊಂಡು ತಿರುಗಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಪಕ್ಕದವನು ತನ್ನ ಪೇಪರನ್ನು ಇಣುಕಿ ಓದುವಾಗ ಕಾಣುವ ಸಣ್ಣ ಅಸಹ್ಯ ಇತ್ತು.

"ಇದು ನಾನು ಹೇಳಿದ್ದಲ್ಲ" ಎಂದ ಅಚ್ಯುತ.

"ಏನಂದಿರಿ?"

"ನಾನು ಅಲ್ಲಿರಲಿಲ್ಲ. ಏರ್‌ಪೋರ್ಟಿನಲ್ಲಿ ಕೂತಿದ್ದೆ, ವಿಮಾನ ಹತ್ತಲಿಲ್ಲ. ಕಾರಣ ಕೇಳಬೇಡಿ, ನನಗೂ ಗೊತ್ತಿಲ್ಲ. ಫೋನಿನಲ್ಲಿ ಕೇಳಿಸಿಕೊಂಡೆ, ಒಂದು ಮಾತೂ ಆಡಲಿಲ್ಲ. ಖುದ್ದು ಅಂತ ಹಾಕು ಅಂದವನು ನಾನು. ಲಿಸ್ಬನ್ನಿನ ನಾಯಿಯನ್ನೂ ನಾನು ನೋಡಿಲ್ಲ."

ಗ್ರಹಾಂನ ಕಾಲು ನಿಂತಿತು. "ನಾವು ಐದು ನಿಮಿಷ ಬಿಡುವು ತಗೊಳ್ಳೋಣ" ಎಂದ, ಮೆದುವಾಗಿ.

"ಬೇಡ" ಎಂದಳು ನೀವ್. "ಹಾಗಾದರೆ ಈ ಮಾತುಗಳು ಯಾರವು?"

ಅಚ್ಯುತ ಕೈ ತೋರಿಸಿದ. ಕ್ಯಾಮೆರಾ ತನ್ನಷ್ಟಕ್ಕೆ ತಾನೇ ತಿರುಗಿ ಪೂಜಿತಾಳನ್ನು ಹುಡುಕಿಕೊಂಡಿತು. ಮುಂದಿನ ಮುಕ್ಕಾಲು ಗಂಟೆ ಪ್ರಶ್ನೆಗಳೆಲ್ಲ ಅವಳಿಗೇ. ಅವನನ್ನು ಹೊರಗೆ ಕಳಿಸಿದರು.

ಅವಳು ಹೊರಬಂದಾಗ ಅವನು ಕಾಲುವೆ ಕಟ್ಟೆಯ ಮೇಲೆ ಕೂತಿದ್ದ. ಒಳಗೊಳಗೇ ಒಂದು ಕೃತಜ್ಞತೆಯ ಮಾತಿಗಾಗಿ ಕಾಯುತ್ತಿದ್ದೇನೆ ಎಂಬುದು ಅವಳನ್ನು ಕಂಡ ಕೂಡಲೇ ಗೊತ್ತಾಯಿತು, ಗೊತ್ತಾದ್ದಕ್ಕೆ ನಾಚಿಕೆಯಾಯಿತು, ಆದರೂ ಕಾದ. ಪೂಜಿತಾ ಎರಡು ಮಾರು ದೂರದಲ್ಲೇ ನಿಂತಳು. ಇಷ್ಟು ದಿನ ಅವನ ಜೊತೆ ಬೆಂಗಳೂರಿನವರಂತೆ ಮಾತಾಡುತ್ತಿದ್ದವಳು ಈಗ ತನ್ನೂರಿನ ಮಾತಿಗಿಳಿದಳು.

"ನನ್ನ ಹೆಸರು ಹೇಳಂತ ನಿಮಗ ಯಾರು ಹೇಳಿದ್ರು ಸರ್?"

"ಅದು ನಿನ್ನ ಮಾತಲ್ವಾ ಅಮ್ಮ. ನಿನಗೆ ಸಲ್ಲಬೇಕು ಅಂತ..."

"ಸುಳ್ಳು ಮಿನಿಟ್ಸ್ ಬರದಾಕಿ ಅಂತ ಈಗ ನನ್ನ ಹೆಸರು ಅವರ ಕಡೆ ಹೋತು. ನಿಮಗ ಮನಿ ಐತಿ, ಪಾಸ್‌ಪೋರ್ಟ್ ಐತಿ, ಡಾಕ್ಟರ್ ಹೇಂತಿ ಅದಾರ. ಖರೇ ಹೇಳಾಕ ನಿಮಗ ಏನೂ ಹೋಗೂದಿಲ್ಲ. ನನಗ?"

"ಗ್ರಹಾಂ ಎಲ್ಲಾ ನಿನ್ನ ಮೇಲೆ ಹಾಕೋನಿದ್ದ."

"ಗೊತ್ತೈತ್ರಿ. ನಾ ಬ್ಯಾರೆ ಕಡೆ ಎರಡು ಇಂಟರ್‌ವ್ಯೂ ಕೊಟ್ಟೀನಿ. ಇನ್ನೊಂದು ತಿಂಗಳು ಎಲ್ಲಾರೂ ಬಾಯಿ ಮುಚ್ಚಿಕೊಂಡಿದ್ರ ಸಾಕಾಗಿತ್ತು." ಅವಳು ಬ್ಯಾಗು ಹೆಗಲಿಗೇರಿಸಿದಳು. "ಒಂದು ಮಾತು ನನ್ನ ಕೇಳಬಹುದಿತ್ತು ನೀವು. ಬಾಜೂ ಕೋಣ್ಯಾಗ ಅಲ್ಲ, ಬೆನ್ನ ಹಿಂದ ಕುಂತಿದ್ದೆ."

ಸಂಜೆ ಚಂದ್ರಿಕಾ ಆಪರೇಷನ್ ಥಿಯೇಟರಿನಿಂದ ಬರುವ ಹೊತ್ತಿಗೆ ಅವನು ಅನ್ನ ಸಾರು ಮಾಡಿ ಕಾಯುತ್ತಿದ್ದ. ಎಲ್ಲ ಹೇಳಿದ, ಜನವರಿಯಿಂದ. ಅವಳು ಕೇಳುತ್ತಲೇ ಅರ್ಧ ತಟ್ಟೆ ಮುಗಿಸಿದಳು. ಅವಳಿಗೆ ಹಸಿವಾಗಿತ್ತು, ಬೆಳಿಗ್ಗೆಯಿಂದ ನಾಲ್ಕು ಆಪರೇಷನ್ನು, ಪಾಳಿಯಲ್ಲಿ ಇಬ್ಬರು ಕಮ್ಮಿ.

"ಆ ಹುಡುಗಿ ಒಪ್ಪಿದ್ಲಾ?" ಎಂದಳು ಕೊನೆಗೆ.

"ಏನನ್ನ?"

"ಅವಳ ಹೆಸರು ಹೇಳೋಕೆ. ನಾವು ಒಂದು ಸೂಜಿ ಚುಚ್ಚೋಕೂ ಪೇಷಂಟನ್ನ ಕೇಳ್ತೀವಿ ಅಚ್ಚು. ಒಳ್ಳೇದಕ್ಕೇ ಚುಚ್ಚೋದಾದ್ರೂ ಕೇಳ್ತೀವಿ." ಸಾರು ಬಡಿಸಿಕೊಂಡು ಸೇರಿಸಿದಳು, "ಉಪ್ಪು ಕಮ್ಮಿ. ಆದ್ರೆ ನೀನು ಹೇಳಿದ್ದು ಸರಿ. ಎರಡೂ ನಿಜ."

ಮೂರು ವಾರಕ್ಕೆ ಡಬ್ಲಿನ್ನಿನಿಂದ ಹನ್ನೊಂದು ಪುಟದ ಪತ್ರ ಬಂತು. ಅಚ್ಯುತ ನಿರ್ದೇಶಕನಾಗಿರಲು ಯೋಗ್ಯನಲ್ಲ ಎಂದು ಅದರಲ್ಲಿ ಸಭ್ಯವಾಗಿ ಬರೆದಿತ್ತು. ಮನೆಯವರೊಂದಿಗೆ ಹೆಚ್ಚು ಸಮಯ ಕಳೆಯಲು ರಾಜೀನಾಮೆ ಕೊಟ್ಟರು ಎಂದು ಕಂಪನಿ ಎಲ್ಲರಿಗೂ ತಿಳಿಸಿತು. ಮನೆಯವರೆಂದರೆ ವಾರಕ್ಕೆ ಅರವತ್ತು ಗಂಟೆ ಆಸ್ಪತ್ರೆಯಲ್ಲಿರುವ ಹೆಂಡತಿ, ಮತ್ತು ಲೆಮಿಂಗ್ಟನ್ ಸ್ಪಾ ಎಂಬ ಊರಲ್ಲಿ ವಿಡಿಯೋ ಗೇಮು ಮಾಡುತ್ತ ತಿಂಗಳಿಗೊಮ್ಮೆ ಫೋನ್ ಮಾಡುವ ಆಶ್ರಿತಾ. ಪತ್ರದ ಆರನೇ ಪುಟದಲ್ಲಿ ಪೂಜಿತಾಳ ಹೆಸರಿತ್ತು. ಸುಳ್ಳು ಬರೆದದ್ದು ತಪ್ಪು, ಮೇಲಿನವರ ಮಾತಿಗೆ ಬರೆದದ್ದು ಎಂಬುದನ್ನು ಗಮನಿಸಲಾಗಿದೆ, ಇಡೀ ವರ್ಷದಲ್ಲಿ ಗಿರಾಕಿಯ ಪರವಾಗಿ ಯೋಚಿಸಿದ ಲಕ್ಷಣ ಕಂಡದ್ದು ಅವಳೊಬ್ಬಳಲ್ಲೇ ಎಂದಿತ್ತು. ಅವಳು ಇಂಟರ್‌ವ್ಯೂ ಕೊಟ್ಟಿದ್ದ ಎರಡೂ ಕಂಪನಿಗಳು ಇದನ್ನು ಕೇಳಿ ಹಿಂದೆ ಸರಿದವು. ಗ್ರಹಾಂ ಅವಳನ್ನು ಕಳಿಸಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಒದ್ದಾಡಿ, ಮಿನಿಟ್ಸ್ ಬರೆಯುವವರು ಸಹ ಐರ್ಲೆಂಡಿನಲ್ಲೇ ಇರತಕ್ಕದ್ದೆಂಬ ಪತ್ರದ ಸಾಲನ್ನೇ ಹಿಡಿದುಕೊಂಡು, ಅಲ್ಲಿನ ವರ್ಕ್ ಪರ್ಮಿಟ್ ಮಾಡಿಸಿ ಅವಳನ್ನು ಡಬ್ಲಿನ್ನಿಗೆ ಸಾಗಹಾಕಿದ. ಜನವರಿಯ ತೀರ್ಮಾನ ರದ್ದಾಯಿತು. ಮುದಿ ನಾಯಿಗಳ ವಿಷಯವನ್ನು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಹೊಸದಾಗಿ ಯೋಚಿಸಬೇಕೆಂದು ಆಜ್ಞೆಯಾಗಿತ್ತು.

ಇದಾದ ಮೇಲೆ ಅವಳು ಅವನಿಗೆ ಫೋನ್ ಮಾಡಲಿಲ್ಲ. ಅವನು ಎರಡು ಸಲ ಸಂದೇಶ ಬರೆದು ಅಳಿಸಿದ, ಮೂರನೇ ಸಲ ಒಂದೇ ಸಾಲು ಕಳಿಸಿದ: ಕೇಳದೆ ಹೇಳಿದ್ದು ತಪ್ಪಾಯಿತು. ಉತ್ತರವಿರಲಿಲ್ಲ. ಹಗಲೆಲ್ಲ ಮನೆಯಲ್ಲಿರುವುದು ಅವನಿಗೆ ಹೊಸದು. ಯಾರೂ ಹಾಜರಿ ಹಿಡಿಯದ ಮನೆಯಲ್ಲಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಗಿ ಕೂರುತ್ತಿದ್ದ. ನವೆಂಬರಿನ ಒಂದು ಮಂಗಳವಾರ, ಎರಡು ಗಂಟೆಗೆ, ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಫೋನು ಬಂತು.

"ಸರ್, ಪೂಜಿತಾ. ಡಬ್ಲಿನ್ನಿಂದ." ಮತ್ತೆ ಬೆಂಗಳೂರಿನ ಕನ್ನಡವಾಗಿತ್ತು. "ಹೇಳ್ಬೇಕು ಅನ್ನಿಸ್ತು. ಇವತ್ತು ಬೋರ್ಡ್ ಮೀಟಿಂಗ್ ಆಯ್ತು. ನಾಯಿ ವಿಷಯ ಬಂತು."

ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. "ಎಲ್ರೂ ಬಂದಿದ್ರಾ?"

"ಎಲ್ರೂ ಖುದ್ದು ಬಂದಿದ್ರು ಸರ್. ನಿಮ್ಮ ಜಾಗದಲ್ಲಿ ಗ್ರಹಾಂ ಇದ್ರು. ಆ ನೀವ್ ಮೇಡಮ್ಮೂ ಬಂದು ಮೂಲೆಯಲ್ಲಿ ಕೂತಿದ್ರು. ಫೋಟೋನೂ ತೆಗೆದ್ವಿ, ಪ್ರೂಫಿಗೆ."

"ಏನಾಯ್ತು?"

"ಪಾಸಾಯ್ತು. ಹತ್ತು ವರ್ಷ ಅಂತಿತ್ತಲ್ಲ, ಅದನ್ನ ಒಂಬತ್ತು ಮಾಡಿದ್ರು."

ಹೊರಗೆ ಕಸದ ಲಾರಿ ಹಿಂದಕ್ಕೆ ಬರುತ್ತ ಕುಂಯ್‌ಗುಟ್ಟುತ್ತಿತ್ತು. ಅಚ್ಯುತ ಅದು ಮುಗಿಯಲೆಂದು ಕಾದ.

"ಆಕ್ಷೇಪ?"

"ಅದಕ್ಕೇ ಫೋನ್ ಮಾಡಿದೆ. ಆ ಜಾಗ ಕೆಂಪಗಾಯ್ತು. ಗ್ರಹಾಂ ನನ್ನ ಕಡೆ ನೋಡಿ, ನೀನು ಚೆನ್ನಾಗಿ ಬರೀತೀಯಲ್ಲ, ಏನಾದ್ರೂ ಹಾಕು ಅಂದ್ರು." ಅವಳು ಉಸಿರು ತೆಗೆದುಕೊಂಡಳು. "ಯಾರೂ ಏನೂ ಕೇಳಲಿಲ್ಲ, ಹನ್ನೊಂದು ನಿಮಿಷದಲ್ಲಿ ಮುಗಿಯಿತು, ಅಂತ ಹಾಕಿದೀನಿ ಸರ್. ಮೂರು ಜನ ಊಟಕ್ಕೆ ಮುಂಚೆ ಸಹಿ ಹಾಕಿದ್ರು. ಯಾರೂ ಓದಲಿಲ್ಲ."